ರೆಕಾರ್ಡ್ ಇಲ್ಲದ ನಮ್ಮವ್ವ

ಗೆಳ್ಯಾರ, ಇವತ್ತ ಸಿದ್ಧೇಶ್ವರ ಗುಡಿ ಹತ್ರ ಹಾಡಿನ ಸ್ಪರ್ಧೆ ಇತ್ತು. ನಮ್ಮ ಹಳ್ಳಿ ಘೋಣಸಗಿಯಿಂದ ನಮ್ಮವ್ವನ್ನ ಕರಕೊಂಡು ಹೋಗಿದ್ದೆ. ಆಕಿ ಮದುವಿ ಸೋಬಾನ ಎತ್ತಿದ್ದೇ ತಡ, ಕಾಯಿಪಲ್ಯ ಮಾರೂ ಹೆಣ್ಣಮಕ್ಕಳೂ ದನಿ ಕೂಡಿಸಿದ್ರು. ಆದರ ತೀರ್ಪು ಕೊಡಾಂವ ಗ್ರಾಮೋಫೋನ್ ರೆಕಾರ್ಡ್ ಅಂಗಡಿ ಸಾವಕಾರ.

"ಯವ್ವಾ, ನಿಮ್ಮ ರೆಕಾರ್ಡ್ ಎಷ್ಟ ಮಾರ್ಯಾವ್ರಿ?" ಅಂದ.

"ನಾ ಹಾಡತೀನಿ, ಮಾರೂದಿಲ್ಲಪಾ" ಅಂದ್ಲು ಅವ್ವ.

ತನ್ನ ಅಂಗಡ್ಯಾಗ ಯಾರ ರೆಕಾರ್ಡ್ ಹೆಚ್ಚ ಹೋಗ್ತಾವೋ ಆ ಗಾಯಕನ ಕೊರಳಿಗೇ ಪದಕ ಹಾಕಿದ.

ನಾವು ಬಸ್ ಸ್ಟ್ಯಾಂಡಿಗೆ ಹೊಂಟ್ರ ಅದೇ ಸಾವಕಾರ ಬೆನ್ನ ಹತ್ತಿ ಬಂದ. "ಯವ್ವಾ, ನನ್ನ ಮಗಳಿಗೆ ಅರಿಷಿಣ ಹಚ್ಚೂ ದಿನ ಸೋಬಾನಕ್ಕ ನೀವೇ ಬರಬೇಕ್ರಿ."

"ಯಾಕೋ ತಮ್ಮಾ, ಪದಕದಾಂವ ಬರೂದಿಲ್ಲೇನು?" ಅಂದ್ಲು ಅವ್ವ.

ವಾಪಸ್ ಬಸ್ಸಿನ್ಯಾಗ ಟಿಕೋಟಾ ಬರೂತನಕ ಎದಿ ಉಬ್ಬಿಸ್ಕೊಂಡೇ ಕುಂತಿದ್ದೆ. ಬಾಜೂದಾಂವ "ಸ್ವಲ್ಪ ಸರೀರಿ" ಅಂದ. ಎಲ್ಲಿ ಸರೀಲಿ?