ಎಳೆ ಕಡಿದಾಗಲೇ ನೀರು ಕಾದರೆ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದೆ. ಗಾಳಿಯಲ್ಲಿ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೋ, ನಂಬುತ್ತೀರೋ ಇಲ್ಲವೋ, ಎದ್ದು ಕುಣಿಯುವಷ್ಟು ಹುರುಪು. ಅದೇ ವಾಸನೆಯಲ್ಲಿ ಕೂತು ನಾನೂ ಗೆಳತಿ ಮಾದೇವಿಯೂ ಒಂದು ಪುಟ್ಟ ಕರ್ನಲ್ ಬರೆದಿದ್ದೆವು. ಯಂತ್ರದ ಎಲ್ಲ ಕೆಲಸಗಳನ್ನೂ ಒಳಗಿನಿಂದ ಆಳುವ ಪ್ರೋಗ್ರಾಂ ಅದು.

ಮಾದೇವಿ ಯಳಂದೂರಿನ ಹತ್ತಿರದ ಅಗರದವಳು. ಅವಳ ಚಿಕ್ಕಮ್ಮ ಕೊಳ್ಳೇಗಾಲದಲ್ಲಿ ಗೂಡಿನಿಂದ ನೂಲು ತೆಗೆಯುವ ಶೆಡ್ ಇಟ್ಟಿದ್ದರು. ಎಳೆ ಕಡಿದರೆ ರಾಟೆ ನಿಲ್ಲಿಸುವುದು, ನೀರು ಅತಿಯಾಗಿ ಕಾದರೆ ಹೀಟರ್ ಆರಿಸುವುದು ಆ ಕರ್ನಲ್ ತುಂಬಿದ ನಮ್ಮ ಪೆಟ್ಟಿಗೆಯ ಕೆಲಸ. ಎರಡೂ ಇಂಟರಪ್ಟ್‌ಗಳು, ಅಂದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರಬೇಕಾದ ಕರೆಗಳು. ಎಳೆಯ ಕರೆಗೆ ಓಗೊಡುತ್ತಿರುವಾಗಲೇ ನೀರಿನ ಕರೆ ಬರಬಹುದು. ಅದು ಕಾಯುವಂಥದ್ದಲ್ಲ. ಹಾಗಾಗಿ ಒಂದು ಕರೆಯ ನಡುವೆಯೇ ಇನ್ನೊಂದು ಕರೆ ಬರಲು ಬಾಗಿಲು ತೆರೆದಿಟ್ಟೆವು. ಆದರೆ ಶೆಡ್ಡಿನಲ್ಲಿ ಎಳೆ ಕಡಿದಾಗಲೆಲ್ಲ ಪೆಟ್ಟಿಗೆ ಸ್ತಬ್ಧ.

"ಇನ್ನೊಂದ್ ದಪ ನಿಂತೋದ್ರೆ ನಿಮ್ ಪೆಟ್ಗೆ ತಕಂಡೋಗ್ರವ್ವ," ಎಂದರು ಚಿಕ್ಕಮ್ಮ. "ಗೂಡು ಬೆಂದು ಅಂಬ್ಲಿ ಆದ್ರೆ ನಿಮ್ ಕರ್ನಲ್ಲು ಕುಡಿದದಾ?"

ಬೈಗುಳದ ಜೊತೆಗೇ ಬೆಲ್ಲದ ಕಾಫಿ ಕೊಡುತ್ತಿದ್ದರು. ಆ ಕಾಫಿಯ ರುಚಿ... ಎಲ್ಲಿದ್ದೆ? ಹಾಂ, ಸ್ತಬ್ಧ.

ಮನೆಯಲ್ಲಿ ನಾವು ಎಳೆಯ ಬದಲು ಒಂದು ಬಟನ್ ಒತ್ತಿ ಬಿಟ್ಟು ಪರೀಕ್ಷಿಸಿದ್ದೆವು. ಆದರೆ ಕಡಿದ ಎಳೆ ತಾನಾಗಿ ಕೂಡಿಕೊಳ್ಳುವುದಿಲ್ಲವಲ್ಲ. ಯಾರಾದರೂ ಜೋಡಿಸುವವರೆಗೂ ಕೂಗುತ್ತಲೇ ಇರುತ್ತದೆ. ಬಾಗಿಲು ತೆರೆದ ಕೂಡಲೇ ಅದೇ ಕರೆ ಮತ್ತೆ ನುಗ್ಗುತ್ತಿತ್ತು. ಪ್ರತಿಸಲವೂ ಅರ್ಧವಾದ ಕೆಲಸವನ್ನು ಸ್ಟ್ಯಾಕಿನಲ್ಲಿ, ಅಂದರೆ ಯಂತ್ರದ ನೆನಪಿನ ಅಟ್ಟದಲ್ಲಿ, ಪೇರಿಸಿ ಪೇರಿಸಿ ಜಾಗವೇ ತುಂಬಿಹೋಗುತ್ತಿತ್ತು.

"ಕೈಯಲ್ಲಿದ್ದುದನ್ನು ಮೊದಲು ಜೋಪಾನವಾಗಿಟ್ಟು, ಬಂದ ಕರೆಯ ಬಾಗಿಲು ಮುಚ್ಚಬೇಕು. ಅದಕ್ಕಿಂತ ತುರ್ತಿನದಕ್ಕೆ ಮಾತ್ರ ತೆರೆದಿರಬೇಕು. ಎಳೆ ಜೋಡಿಸಿದ ಮೇಲೆಯೇ ಎಳೆಯ ಕರೆಗೆ ಬಾಗಿಲು ತೆರೆಯಬೇಕು." ಹೀಗೆಂದು ಕೂಗಿದವಳು ನಾನು. ನಾನು ಪಾಠ ಮಾಡುವ ಹನೂರಿನ ತರಗತಿಯಲ್ಲಿ ಹಾಗೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಸವೆದ ನೆನಪನ್ನು ಎಷ್ಟು ನಂಬಬಹುದು?

ಕೊನೆಯ ಪರೀಕ್ಷೆಗೆ ಚಿಕ್ಕಮ್ಮ ಒಳ್ಳೆಯ ಗೂಡನ್ನೇ ಸುರಿದರು. ತಾವೇ ಎಳೆ ಕಡಿದರು. ಅದೇ ಗಳಿಗೆಗೆ ಮಾದೇವಿ ಶಾಖ ಏರಿಸಿದಳು. ಹೀಟರ್ ಆರಿತು. ಬಿಟ್ಟಲ್ಲಿಗೇ ಮರಳಿದ ಕರ್ನಲ್ ರಾಟೆಯನ್ನೂ ನಿಲ್ಲಿಸಿತು. ಎಳೆ ಜೋಡಿಸಿದರು, ರಾಟೆ ಮತ್ತೆ ತಿರುಗಿತು.

"ಪರ್ವಾಗಿಲ್ವೇ. ನಮ್ಮನೆಯವ್ರಿಗೆ ಉಣ್ಣುವಾಗ ಫೋನ್ ಬಂದ್ರೆ ಎರಡ್ನೂ ಕೆಡಿಸ್ತಾರೆ. ಇರ್ಲಿ ಬುಡ್ರವ್ವ ಪೆಟ್ಗೆ," ಎಂದರು ಚಿಕ್ಕಮ್ಮ.

ತಡೆಯಲಾರದೆ ನಿಲ್ದಾಣದಿಂದಲೇ ಮಾದೇವಿಗೆ ಫೋನ್ ಮಾಡಿದೆ. ಈಗ ಶೆಡ್ ನೋಡಿಕೊಳ್ಳುವವಳು ಅವಳೇ. ಬಾಗಿಲು ಮುಚ್ಚುವ ಆ ಮಾತು ಅಂದು ಹೊಳೆದದ್ದು ಯಾರದೆಂದು ಕೇಳಿದೆ.

"ನಂದು ಕಣಮ್ಮಿ. ನೀನು ಬರೀ ಕುಣಿದೆ. ಕುಣಿದು ಕಾಫಿ ಲೋಟಾನ... ತಡಿ, ಎಳೆ ಕಡೀತು."

ಹಿಂದೆ ರಾಟೆ ನಿಂತ ಸದ್ದು. ಯಾರಿಗೋ ಏನೋ ಹೇಳಿದಳು. ರಾಟೆ ಹೊರಟಿತು.

"...ಕೀಬೋರ್ಡ್ ಮ್ಯಾಲೆ ಉರುಳಿಸ್ದೆ."

ಬಿಟ್ಟ ಪದಕ್ಕೇ ಮರಳಿದ್ದಳು. ನನಗೆ ಆ ಲ್ಯಾಪ್‌ಟಾಪಿನ ಅಂಟಂಟು ಕೀಗಳು ಬೆರಳಿಗೇ ನೆನಪಾದವು.

ಬಸ್ಸು ಬಂತು. ನಗುತ್ತಲೇ ಹತ್ತಿದೆ. ಇಂದಿನ ಪಾಠದಲ್ಲಿ ಬಾಗಿಲು ಮುಚ್ಚುವವಳು ಮಾದೇವಿ. ಲೋಟ ಉರುಳಿಸುವವಳು ನಾನು.