ಇಬ್ಬರೇ ಬಳಸಿದ ಭಾಷೆ

ನಮ್ಮ ಗಣಿತದ ಮೇಷ್ಟ್ರು ಕಂಪ್ಯೂಟರಿನ ಕೀಲಿಮಣೆಯನ್ನು ಬಲಗೈಯ ತೋರುಬೆರಳೊಂದರಿಂದಲೇ ಕುಟ್ಟುತ್ತಿದ್ದರು. ಮಿಕ್ಕ ಬೆರಳುಗಳು ಸೀಮೆಸುಣ್ಣ ಹಿಡಿದ ಹಾಗೆ ಮಡಚಿಕೊಂಡೇ ಇರುತ್ತಿದ್ದವು. ನಿವೃತ್ತಿಯಾದ ಮೇಲೆ ಎನ್.ಆರ್. ಕಾಲೋನಿಯ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಹೀಗೆ ಒಂದೊಂದೇ ಅಕ್ಷರ ಕುಟ್ಟಿ, ಒಂದು ಪ್ರೋಗ್ರಾಮಿಂಗ್ ಭಾಷೆಯನ್ನೇ ಕಟ್ಟಲು ಹೊರಟ ಪುಣ್ಯಾತ್ಮ ಅವರು.

ಬರೀ ಗಣಿತದ ಫಂಕ್ಷನ್‌ಗಳಿಂದಲೇ ಆದ ಪುಟ್ಟ ಭಾಷೆ ಅದು. ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಆಮೇಲೆ ಬದಲಾಯಿಸುವಂತಿಲ್ಲ. “ಆಡಿದ್ ಮಾತು ಆಡಿದ್ ಹಾಗೇ ಇರ್ಬೇಕು ಕಣಯ್ಯ,” ಎನ್ನುತ್ತಿದ್ದರು. ಯಾರು ಬೇಕಾದರೂ ಇಂಟರ್ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಳ್ಳಬಹುದು, ತಿದ್ದಬಹುದು. ನಾಲ್ಕು ವರ್ಷವಾದರೂ ಬಳಸಿದವರು ಇಬ್ಬರೇ: ಅವರು, ಮತ್ತು ಭಾನುವಾರ ಬೆಳಿಗ್ಗೆ ಅವರ ಮನೆ ಕಾಫಿ ಕುಡಿದ ಋಣಕ್ಕೆ ಹಳೆಯ ಶಿಷ್ಯನಾದ ನಾನು. ಗುರುತು ಪರಿಚಯವಿಲ್ಲದವರು ಯಾರಾದರೂ ಇದರಲ್ಲಿ ಒಂದು ಪ್ರೋಗ್ರಾಂ ಬರೆದರೆ ಸಾಕು ಎಂಬುದಷ್ಟೇ ಅವರ ಆಸೆ.

ಕೊನೆಗೆ ಒಬ್ಬಳು ಸಿಕ್ಕಳು. ತುಮಕೂರಿನ ಕಾಲೇಜು ಹುಡುಗಿ. ಕಾಲೇಜಿನ ಪ್ರಾಜೆಕ್ಟನ್ನು ಇದರಲ್ಲೇ ಮಾಡುತ್ತಿದ್ದೇನೆ, ಖಾಲಿ ಪಟ್ಟಿ ಕೊಟ್ಟರೆ ಪ್ರೋಗ್ರಾಂ ನಿಂತುಹೋಗುತ್ತದೆ ಎಂದು ಇ-ಮೇಲ್ ಬರೆದಿದ್ದಳು. ಮೇಷ್ಟ್ರು ಅದನ್ನು ನನ್ನಿಂದ ಮೂರು ಸಲ ಗಟ್ಟಿಯಾಗಿ ಓದಿಸಿದರು. ಒಂದು ಸಾಲು ಸೇರಿಸಿದರೆ ಸರಿಹೋಗುತ್ತೆ, ಇವತ್ತೇ ಉತ್ತರ ಬರೆಯೋಣ ಎಂದೆ. ಕೇಳಬೇಕಲ್ಲ! ಒಂದು ಹೆಜ್ಜೆ ತಪ್ಪಿದರೆ ಲೆಕ್ಕವನ್ನೆಲ್ಲ ಮೊದಲಿಂದ ಮಾಡಿಸುತ್ತಿದ್ದ ಮನುಷ್ಯ. ತೇಪೆ ಹಾಕಿ ಕೊಡುವುದು ಆ ಹುಡುಗಿಗೆ ಮಾಡುವ ಅವಮಾನ ಎಂದು ಇಡೀ ಭಾಷೆಯನ್ನು ಬುಡದಿಂದ ಬರೆಯಲು ಕೂತರು. ಅದು ಮುಗಿಯುವವರೆಗೆ ಉತ್ತರಿಸಕೂಡದು ಎಂದು ನನಗೆ ತಾಕೀತು. ನಾನಾದರೂ ಕದ್ದು ಒಂದು ಸಾಲು ಬರೆಯಬಹುದಿತ್ತು, ನನಗೇನು ಧಾಡಿ ಬಂದಿತ್ತು? ಬರೆಯಲಿಲ್ಲ. ಮೂರು ತಿಂಗಳ ಮೇಲೆ ಉತ್ತರ ಹೋಯಿತು. ಪ್ರಾಜೆಕ್ಟನ್ನು ಬೇರೆ ಭಾಷೆಯಲ್ಲಿ ಮುಗಿಸಿ ಕೊಟ್ಟಾಯಿತು ಎಂದು ಅವಳು ವಿನಯದಿಂದಲೇ ಬರೆದಳು. ಮುಂದಿನ ಭಾನುವಾರ ಮೇಷ್ಟ್ರು ಕಂಪ್ಯೂಟರ್ ಆನ್ ಮಾಡಲಿಲ್ಲ.

ಬೇರೆ ಯಾರೂ ಬರೆಯಲಿಲ್ಲ. ಆ ವರ್ಷವೇ ಅವರು ಹಾಸಿಗೆ ಹಿಡಿದರು, ಡಾಕ್ಟರು ಕೈಚೆಲ್ಲಿದರು. ಒಂದು ಮಧ್ಯಾಹ್ನ ನೋಡಲು ಹೋದಾಗ, ಯಾರಾದರೂ ಬರೆದರೇ ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೈಸೂರಿನವರೊಬ್ಬರು ದಿನಾ ಬಳಸುತ್ತಿದ್ದಾರಂತೆ ಎಂದುಬಿಟ್ಟೆ. ಮುಖ ಅರಳಿತು.

“ಏನ್ ತಪ್ಪು ಸಿಕ್ತಂತೆ?”

ಖುಷಿಪಡಿಸಲು ಹೋದ ಪೆದ್ದ ನಾನು. “ಒಂದೂ ಇಲ್ವಂತೆ ಸರ್. ತುಂಬಾ ಚೆನ್ನಾಗಿದೆಯಂತೆ,” ಎಂದೆ.

“ಬಳಸಿದ್ರೆ ಒಂದಾದ್ರೂ ತಪ್ಪು ಸಿಕ್ಕೇ ಸಿಗುತ್ತೆ. ಹಾಗಾದ್ರೆ ಯಾರೂ ಬಳಸಿಲ್ಲ ಬಿಡಪ್ಪ,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಎರಡು ದಿನಕ್ಕೆ ಹೋಗಿಬಿಟ್ಟರು. ಅವರಿಗೆ ನಾನು ಹೇಳಿದ ಕಡೆಯ ಮಾತು ಸುಳ್ಳು, ಅದೂ ಅವರಿಗೆ ಗೊತ್ತಿತ್ತು.