ಹತ್ತು ಬಾಗಿಲಿಗೆ ಒಂಬತ್ತು ಬೋರ್ಡು

ನರಸಾಪುರದ ಆ ವಠಾರದಲ್ಲಿ ಅವಳು ಬರುವ ತನಕ ನಾನೇ ಹಿರಿಯಳು. ಹತ್ತು ಮನೆಗೆ ಒಂದೇ ಕಕ್ಕಸು, ಅದರ ಬಾಗಿಲಿಗೆ ಚಿಲಕವೂ ಇಲ್ಲ. ಬೆಳಿಗ್ಗೆ ಕಂಪನಿ ಬಸ್ಸು ಬರುವಷ್ಟರಲ್ಲಿ ಬಕೆಟ್ಟು ಹಿಡಿದು ಸಾಲು ನಿಲ್ಲಬೇಕು. ಒಳಗೆ ಹೋದವಳು ಬಾಗಿಲು ಎಳೆದು ಹಿಡಿದುಕೊಂಡೇ ಕೂರಬೇಕು. ಯಾರಾದರೂ ಗೊಣಗಿದರೆ ನಾನೇ ಓನರ್ ಹತ್ತಿರ ಹೋಗಿ ನಯವಾಗಿ ಹೇಳುತ್ತಿದ್ದೆ. "ನೋಡೋಣಮ್ಮ," ಎನ್ನುತ್ತಿದ್ದರು. ಎಂಟು ವರ್ಷ ನೋಡಿದರು. ಜೋರು ಮಾಡಿದವರ ಬಾಗಿಲಿಗೆ 'ಮನೆ ಬಾಡಿಗೆಗೆ ಇದೆ' ಎಂಬ ತಗಡಿನ ಬೋರ್ಡು ತಂದು ನೇತುಹಾಕುತ್ತಿದ್ದರು. ಅಷ್ಟಕ್ಕೇ ಎಲ್ಲರ ಬಾಯಿ ಬಂದ್.

ಅವಳು ಶ್ರೀನಿವಾಸಪುರದ ಕಡೆಯವಳು, ನಮ್ಮ ಫ್ಯಾಕ್ಟರಿಯಲ್ಲೇ ಕೆಲಸ. ಬಂದು ಆರು ತಿಂಗಳಾಗಿರಲಿಲ್ಲ, ವಠಾರದ ಹೆಂಗಸರೆಲ್ಲ ಅವಳ ಹೊಸ್ತಿಲಲ್ಲಿ. ನಾನು ಹೇಳಿದರೆ ಆಕಳಿಸುವವರು ಅವಳು ಕೆಮ್ಮಿದರೂ ತಲೆಯಾಡಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು ಬಂತು? ಅವಳ ಸಾರು ಕೂಡ ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು, ಹಾಳಾಗಿ ಹೋಗಲಿ.

ಒಂದು ಶನಿವಾರ ಊರಿಂದ ಮಾವಿನಹಣ್ಣಿನ ಖಾಲಿ ರಟ್ಟಿನ ಡಬ್ಬಗಳನ್ನು ತಂದಳು. ಕತ್ತರಿಸಿ, ಒಂದೊಂದು ತುಂಡಿನ ಮೇಲೂ ದುಂಡಗೆ ಬರೆದಳು: ಮನೆ ಬಾಡಿಗೆಗೆ ಇದೆ.

"ಅಕ್ಕಾ, ಆಯಪ್ಪ ಒಬ್ರ ಬಾಗ್ಲಿಗೆ ಹಾಕಿದ್ರೆ ನಮಗೆ ಭಯ. ನಾವೇ ಎಲ್ಲಾರೂ ಹಾಕ್ಕೊಂಡ್ರೆ ಭಯ ಯಾರಿಗೆ? ಇನ್ನೊಂದು ಕಕ್ಕಸು ಕಟ್ಸಿ ಚಿಲಕ ಹಾಕ್ಸೋವರ್ಗೂ ತೆಗೀಬಾರ್ದು," ಎಂದು ನನ್ನ ಕೈಗೂ ಒಂದು ಕೊಟ್ಟಳು.

ಎಂಥ ಉಪಾಯ! ಎಂಟು ವರ್ಷದಲ್ಲಿ ನನ್ನ ಈ ಮಂಡೆಗೆ ಯಾಕೆ ಹೊಳೆಯಲಿಲ್ಲ? ಆ ಉರಿಗೇ ಬೋರ್ಡನ್ನು ಮಂಚದ ಕೆಳಗೆ ತಳ್ಳಿದೆ.

ಭಾನುವಾರ ಬೆಳಿಗ್ಗೆ ಒಂಬತ್ತು ಬಾಗಿಲಲ್ಲಿ ಬೋರ್ಡುಗಳು ನೇತಾಡುತ್ತಿದ್ದವು. ರಸ್ತೆಯಲ್ಲಿ ಹೋಗುವವರು ನಿಂತು, "ಏನ್ರೀ, ವಠಾರಾನೇ ಖಾಲಿನಾ? ದೆವ್ವ ಗಿವ್ವ ಬಂತಾ?" ಎಂದು ಕೇಳುತ್ತಿದ್ದರು. ಸುದ್ದಿ ಮುಟ್ಟಿ ಓನರ್ ಓಡಿ ಬಂದರು. ಬೋರ್ಡಿಲ್ಲದ ನನ್ನ ಬಾಗಿಲು ಕಂಡು ನೇರ ಅಲ್ಲಿಗೇ ಬಂದರು.

"ನೀನೊಬ್ಳೇ ಕಣಮ್ಮ ನಿಯತ್ತಿರೋಳು. ಹೇಳು, ಯಾರ ತಲೇಲಿ ಹುಟ್ಟಿದ್ದು ಇದು? ಇವತ್ತೇ ಅವರ ಸಾಮಾನು ಬೀದಿಗೆ ಹಾಕಿಸ್ತೀನಿ."

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅವಳ ಮುಖ ಬಿಳಿಚಿಕೊಂಡಿತ್ತು. ಹೆಸರು ಹೇಳಿದರೆ ಅವಳು ಹೋಗುತ್ತಾಳೆ, ನಾನು ಮತ್ತೆ ಹಿರಿಯಳು. ಆದರೆ ಹೆಸರು ಹೇಳುವುದೆಂದರೆ, ಆ ಉಪಾಯ ಅವಳದ್ದೆಂದು ಇಡೀ ವಠಾರದ ಮುಂದೆ ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಅದು ನನ್ನ ಕೈಲಾಗಲಿಲ್ಲ.

"ನಂದೇ," ಅಂದೆ.

ಒಳಗೆ ಹೋಗಿ, ಮಂಚದ ಕೆಳಗಿನ ಬೋರ್ಡು ತಂದು ಬಾಗಿಲಿಗೆ ತಗುಲಿಸಿದೆ. ಓನರ್ ಹತ್ತು ಬಾಗಿಲನ್ನೂ ಒಂದು ಸಲ ನೋಡಿ ಬಂದ ದಾರಿ ಹಿಡಿದರು. ಆ ತಿಂಗಳೊಳಗೇ ಎರಡನೇ ಕಕ್ಕಸು ಎದ್ದು ನಿಂತಿತು.

ಅವಳು ನನ್ನನ್ನು ತಬ್ಬಿಕೊಂಡು, "ನನ್ನ ಉಳ್ಸಕ್ಕೆ ಸುಳ್ಳು ಹೇಳಿದ್ರಲ್ಲಕ್ಕಾ," ಎಂದು ಕಣ್ಣೀರಿಟ್ಟಳು. ವಠಾರಕ್ಕೆಲ್ಲ ಹಾಗೇ ಸಾರಿದಳು. ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಹೊಸ ಕಕ್ಕಸಿಗೆ ಮೊದಲು ಅಕ್ಕನೇ ಹೋಗಲಿ ಎಂದು ಹಟ ಹಿಡಿದು ಕಳಿಸಿದಳು. ಒಳಗೆ ಚಿಲಕ ಹಾಕಿಕೊಂಡು ಅತ್ತೆ. ಒಳ್ಳೆಯತನದಲ್ಲೂ ಅವಳೇ ಮುಂದಾದಳಲ್ಲ ಎಂಬ ಹೊಟ್ಟೆಕಿಚ್ಚಿಗೆ ಅತ್ತೆ.